ಹಾಯಿದೋಣಿಯಲ್ಲಿ ಕೆರಿಬಿಯನ್: ಒಂದು ಗ್ಯಾಸ್ ಸಿಲಿಂಡರ್ ತುಂಬಿಸಲು ಇಡೀ ದಿನ!

ಕೆರಿಬಿಯನ್ ದ್ವೀಪಗಳ ನಡುವೆ ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ಸುತ್ತುವವರ ದಿನಚರಿಯಲ್ಲಿ ಸಮುದ್ರಯಾನಕ್ಕಿಂತ ಪೇಟೆ ಕೆಲಸವೇ ಹೆಚ್ಚು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಲು ಸಾಮಾನ್ಯವಾಗಿ ಒಂದು ಹಗಲು ಸಾಕು. ತಲುಪಿದ ಮೇಲೆ ಅಲ್ಲೇ ಒಂದೆರಡು ವಾರ ಲಂಗರು ಹಾಕಿ ನಿಲ್ಲುತ್ತಾರೆ. ಆ ದಿನಗಳಲ್ಲಿ ನೀರು ತರಬೇಕು, ತರಕಾರಿ ತರಬೇಕು, ಬಟ್ಟೆ ಒಗೆಸಬೇಕು, ಗ್ಯಾಸ್ ತುಂಬಿಸಬೇಕು, ಕೆಟ್ಟುಹೋದ ಪಂಪಿಗೆ ವಾಷರ್ ಹುಡುಕಬೇಕು, ಪಾಸ್‌ಪೋರ್ಟಿಗೆ ಸೀಲು ಹಾಕಿಸಬೇಕು. ಮುಂಬೈಯಲ್ಲೋ ಪುಣೆಯಲ್ಲೋ ಸ್ಕೂಟರ್ ತೆಗೆದು ಅರ್ಧ ಗಂಟೆಯಲ್ಲಿ ಮುಗಿಸಿ ಬರುವ ಕೆಲಸಕ್ಕೆ ಇಲ್ಲಿ ಬೆಳಗಿನಿಂದ ಸಂಜೆವರೆಗೆ ಹಿಡಿಯುತ್ತದೆ.

ಆದರೆ ದ್ವೀಪ ಎಂಥದ್ದು ಎಂದು ಗೊತ್ತಾಗುವುದೂ ಈ ಅಲೆದಾಟದಲ್ಲೇ. ಸಾವಿರಾರು ಜನರನ್ನು ಹೊತ್ತು ಬರುವ ಕ್ರೂಸ್ ಹಡಗಿನ ಪ್ರವಾಸಿಗರು ಬಂದರಿನ ಎದುರಿನ ಅಂಗಡಿ ಸಾಲು ನೋಡಿ, ಒಂದು ಟ್ಯಾಕ್ಸಿ ಸುತ್ತು ಹಾಕಿ, ಸಂಜೆಗೆ ಹಡಗು ಹತ್ತುತ್ತಾರೆ. ಹಾಯಿದೋಣಿಯವರಿಗೆ ವೆಲ್ಡಿಂಗ್ ಅಂಗಡಿ, ಮೀನು ಮಾರುಕಟ್ಟೆ, ಲಾಂಡ್ರಿ, ಊರಿನ ಮಿನಿಬಸ್ಸು ಇವುಗಳ ಪರಿಚಯವಿಲ್ಲದೆ ದಿನ ಸಾಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಕೆರಿಬಿಯನ್ನಿನ ಪೂರ್ವ ಅಂಚಿನ ದ್ವೀಪಗಳ ಮಾತು. ಉತ್ತರದ ವರ್ಜಿನ್ ದ್ವೀಪಗಳಿಂದ ಶುರುವಾಗಿ ಸೇಂಟ್ ಮಾರ್ಟಿನ್, ಆಂಟಿಗುವಾ, ಗ್ವಾಡೆಲೂಪ್, ಡೊಮಿನಿಕಾ, ಮಾರ್ಟಿನಿಕ್, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್ ದಾಟಿ ದಕ್ಷಿಣದ ಗ್ರೆನಡಾವರೆಗೆ ಇವು ಬಿಲ್ಲಿನಂತೆ ಬಾಗಿ ನಿಂತಿವೆ. ಪೂರ್ವ ದಿಕ್ಕಿನಿಂದ ಬೀಸುವ ವಾಣಿಜ್ಯ ಮಾರುತ ಹಾಯಿಗೆ ಹೇಳಿ ಮಾಡಿಸಿದ ಗಾಳಿ. ಹೆಚ್ಚಿನ ಕಡೆ ದ್ವೀಪದಿಂದ ದ್ವೀಪಕ್ಕೆ 20ರಿಂದ 40 ನಾಟಿಕಲ್ ಮೈಲಿ. 5-6 ನಾಟ್ ವೇಗದ ದೋಣಿ ಬೆಳಗ್ಗೆ ಬೇಗ ಹೊರಟರೆ ಸೂರ್ಯ ಮುಳುಗುವ ಮುನ್ನ ತಲುಪುತ್ತದೆ. ಅಟ್ಲಾಂಟಿಕ್ ದಾಟಿ ಬರುವ ಹಾಯಿದೋಣಿಗಳ ದೊಡ್ಡ ಗುಂಪೊಂದು ಪ್ರತಿ ನವೆಂಬರಿನಲ್ಲಿ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಹೊರಟು, ಸುಮಾರು 2,700 ನಾಟಿಕಲ್ ಮೈಲಿ ಸಾಗಿ ಸೇಂಟ್ ಲೂಸಿಯಾದ ರಾಡ್ನಿ ಬೇ ಸೇರುತ್ತದೆ. ಡಿಸೆಂಬರಿನಿಂದ ಮೇವರೆಗೆ ಸುತ್ತಾಟದ ಕಾಲ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ.

ಮೊದಲು ಹಳದಿ ಬಾವುಟ

ಸೇಂಟ್ ಲೂಸಿಯಾದಿಂದ ಉತ್ತರಕ್ಕೆ ಹೊರಟರೆ ಮಾರ್ಟಿನಿಕ್, ಡೊಮಿನಿಕಾ, ಗ್ವಾಡೆಲೂಪ್ ಸಿಗುತ್ತವೆ. ಮಂಗಳೂರಿನಿಂದ ಕಾರವಾರಕ್ಕೆ ಹೋದಷ್ಟೇ ದೂರ. ಅಷ್ಟರಲ್ಲಿ ಮೂರು ಸಲ ಗಡಿ ದಾಟಿರುತ್ತೀರಿ. ಸೇಂಟ್ ಲೂಸಿಯಾದಲ್ಲಿ ಈಸ್ಟ್ ಕೆರಿಬಿಯನ್ ಡಾಲರ್, ಮಾರ್ಟಿನಿಕ್‌ನಲ್ಲಿ ಯೂರೊ, ಡೊಮಿನಿಕಾದಲ್ಲಿ ಮತ್ತೆ ಡಾಲರ್, ಗ್ವಾಡೆಲೂಪ್‌ನಲ್ಲಿ ಮತ್ತೆ ಯೂರೊ. ಭಾಷೆಯೂ ಇಂಗ್ಲಿಷ್, ಫ್ರೆಂಚ್, ಇಂಗ್ಲಿಷ್, ಫ್ರೆಂಚ್ ಎಂದು ಬದಲಾಗುತ್ತದೆ. ರಸ್ತೆಯಲ್ಲಿ ವಾಹನ ಓಡುವ ಬದಿಯೂ ಎಡ, ಬಲ, ಎಡ, ಬಲ! ಒಂದು ಕಾಲದಲ್ಲಿ ಬ್ರಿಟಿಷರು ಮತ್ತು ಫ್ರೆಂಚರು ಈ ದ್ವೀಪಗಳಿಗಾಗಿ ಹೊಡೆದಾಡಿದ್ದರ ಪರಿಣಾಮ ಇದು.

ಹೀಗಾಗಿ ದೋಣಿ ಹೊಸ ದೇಶದ ನೀರಿಗೆ ಬಂದ ಕೂಡಲೇ ಹಾಯಿಕಂಬದ ಬಲಬದಿಗೆ ಹಳದಿ ಬಾವುಟ ಏರಿಸುತ್ತಾರೆ. 'ನಮ್ಮ ತಪಾಸಣೆ ಇನ್ನೂ ಆಗಿಲ್ಲ' ಎಂಬ ಸೂಚನೆ ಅದು. ದೋಣಿಯಲ್ಲಿ ಎಷ್ಟೇ ಜನರಿರಲಿ, ಮೊದಲು ದಡಕ್ಕೆ ಹೋಗುವವರು ಕ್ಯಾಪ್ಟನ್ ಒಬ್ಬರೇ. ಎಲ್ಲರ ಪಾಸ್‌ಪೋರ್ಟು, ದೋಣಿಯ ನೋಂದಣಿ ಪತ್ರ, ಹಿಂದಿನ ದೇಶ ಬಿಟ್ಟಿದ್ದಕ್ಕೆ ಕೊಟ್ಟ ಕಾಗದ ಹಿಡಿದು ಕಸ್ಟಮ್ಸ್, ಇಮಿಗ್ರೇಷನ್, ಕೆಲವೆಡೆ ಬಂದರು ಕಚೇರಿ ಸುತ್ತಬೇಕು. ಕೆಲಸ ಮುಗಿದ ಮೇಲೆ ಹಳದಿ ಬಾವುಟ ಇಳಿಸಿ ಆ ದೇಶದ ಬಾವುಟ ಏರಿಸುತ್ತಾರೆ. ಅದಕ್ಕೇ ಪ್ರತಿ ದೋಣಿಯಲ್ಲೂ ಹತ್ತಾರು ದೇಶಗಳ ಪುಟ್ಟ ಬಾವುಟಗಳ ಕಟ್ಟು ಇರುತ್ತದೆ. ಹರಿದ ಬಾವುಟವನ್ನೋ ತಲೆಕೆಳಗಾದ ಬಾವುಟವನ್ನೋ ಹಾರಿಸಿದರೆ ಊರಿನವರು ಅದನ್ನು ಅವಮಾನವೆಂದೇ ತಿಳಿಯುತ್ತಾರೆ.

ಇಂಗ್ಲಿಷ್ ಮಾತಾಡುವ ಹಲವು ದ್ವೀಪಗಳಲ್ಲಿ ಈಗ 'ಸೇಲ್‌ಕ್ಲಿಯರ್' ಎಂಬ ಆನ್‌ಲೈನ್ ವ್ಯವಸ್ಥೆಯಿದೆ. ಸಿಬ್ಬಂದಿಯ ವಿವರವನ್ನು ಮೊದಲೇ ತುಂಬಿದರೆ ಕಚೇರಿಯಲ್ಲಿ ಕಾರ್ಬನ್ ಹಾಳೆ ಇಟ್ಟು ಐದೈದು ಪ್ರತಿ ಬರೆಯುವ ಕಷ್ಟ ತಪ್ಪುತ್ತದೆ. ಆದರೂ ಕಚೇರಿಗೆ ಹೋಗುವುದು ತಪ್ಪುವುದಿಲ್ಲ. ಭಾನುವಾರ ಅಥವಾ ಕಚೇರಿ ಸಮಯ ಮೀರಿ ಬಂದರೆ ಓವರ್‌ಟೈಮ್ ಶುಲ್ಕ. ಫ್ರೆಂಚ್ ದ್ವೀಪಗಳ ರೀತಿಯೇ ಬೇರೆ. ಅಲ್ಲಿ ದೋಣಿ ಸಾಮಾನಿನ ಅಂಗಡಿಯಲ್ಲೋ ಕೆಫೆಯಲ್ಲೋ ಒಂದು ಕಂಪ್ಯೂಟರ್ ಇಟ್ಟಿರುತ್ತಾರೆ. ಕ್ಯಾಪ್ಟನ್ ತಾನೇ ವಿವರ ಟೈಪ್ ಮಾಡಿ, ಪ್ರಿಂಟ್ ತೆಗೆದು, ಕೆಲವು ಯೂರೊ ಕೊಟ್ಟು, ಅಂಗಡಿಯವರ ಸೀಲು ಹಾಕಿಸಿಕೊಂಡರೆ ಮುಗಿಯಿತು. ಕೀಬೋರ್ಡ್ ಮಾತ್ರ ಫ್ರೆಂಚ್ ಮಾದರಿಯದ್ದು. 'ಎ' ಒತ್ತಿದರೆ 'ಕ್ಯೂ' ಬೀಳುತ್ತದೆ. ಹೆಸರು ತಪ್ಪದಂತೆ ನೋಡಿಕೊಳ್ಳಬೇಕು.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಇನ್ನೊಂದು ಲೆಕ್ಕವಿದೆ. ಗ್ರೆನಡಾ, ಡೊಮಿನಿಕಾ, ಸೇಂಟ್ ವಿನ್ಸೆಂಟ್, ಬಾರ್ಬಡೋಸ್‌ನಂಥ ದೇಶಗಳು ಭಾರತೀಯ ಪ್ರವಾಸಿಗರಿಗೆ ಮೊದಲೇ ವೀಸಾ ಕೇಳುವುದಿಲ್ಲ. ಮಾರ್ಟಿನಿಕ್, ಗ್ವಾಡೆಲೂಪ್ ಫ್ರಾನ್ಸಿನ ಭಾಗವಾದರೂ ಷೆಂಗನ್ ವಲಯದೊಳಗಿಲ್ಲ. ಆದ್ದರಿಂದ ಯುರೋಪ್ ಪ್ರವಾಸಕ್ಕೆಂದು ಪಡೆದ ವೀಸಾ ತಾನಾಗಿ ಅಲ್ಲಿಗೆ ಸಲ್ಲುವುದಿಲ್ಲ. ಅಮೆರಿಕದ ವರ್ಜಿನ್ ದ್ವೀಪಗಳಿಗೆ ಅಮೆರಿಕದ ವೀಸಾ ಬೇಕು. ನಿಯಮಗಳು ಬದಲಾಗುತ್ತಿರುತ್ತವೆ. ದೋಣಿಯಲ್ಲಿ ಅತಿಥಿಯಾಗಿ ಹೋಗುವ ಭಾರತೀಯರು ತಮ್ಮ ಮಾರ್ಗದ ಪ್ರತಿ ದ್ವೀಪದ ನಿಯಮವನ್ನೂ ಬೇರೆ ಬೇರೆಯಾಗಿಯೇ ನೋಡಿಕೊಳ್ಳಬೇಕು. ಇಲ್ಲವಾದರೆ ಉಳಿದವರು ದಡಕ್ಕಿಳಿದಾಗ ಒಬ್ಬರು ಮಾತ್ರ ದೋಣಿಯಲ್ಲೇ ಕೂರಬೇಕಾದೀತು.

ಡಿಂಗಿಯೇ ಇಲ್ಲಿನ ಸ್ಕೂಟರ್

ಲಂಗರು ಹಾಕಿದ ದೋಣಿಗೂ ದಡಕ್ಕೂ ನಡುವೆ ನೂರಾರು ಮೀಟರ್ ನೀರು. ಅದನ್ನು ದಾಟಲು ಗಾಳಿ ತುಂಬಿದ ಪುಟ್ಟ ರಬ್ಬರ್ ದೋಣಿ, ಅದಕ್ಕೊಂದು ಔಟ್‌ಬೋರ್ಡ್ ಎಂಜಿನ್. ಇದೇ ಡಿಂಗಿ. ಇಂಗ್ಲಿಷರು ಈ ಪದವನ್ನು ಕಲಿತದ್ದು ನಮ್ಮ ದೇಶದಲ್ಲೇ. ಹಿಂದಿ, ಬಂಗಾಳಿಯಲ್ಲಿ ಸಣ್ಣ ದೋಣಿಗಿದ್ದ 'ಡಿಂಗಿ' ಎಂಬ ಹೆಸರು ಹಡಗಿನವರ ಬಾಯಲ್ಲಿ ಲೋಕ ಸುತ್ತಿತು.

ಡಿಂಗಿ ಕಳೆದುಕೊಂಡ ದೋಣಿವಾಸಿಯ ಪಾಡು ಲಿಫ್ಟ್ ಕೆಟ್ಟ ಇಪ್ಪತ್ತನೇ ಮಹಡಿಯ ಮನೆಯವರ ಪಾಡಿಗಿಂತ ಕಡೆ. ಈ ದ್ವೀಪಗಳಲ್ಲಿ ದೋಣಿವಾಸಿಗಳು ಹೆಚ್ಚು ಭಯಪಡುವುದೂ ಡಿಂಗಿ ಕಳ್ಳತನಕ್ಕೇ. ರಾತ್ರಿ ಅದನ್ನು ನೀರಿನಲ್ಲಿ ತೇಲಲು ಬಿಡದೆ ಹಗ್ಗ ಹಾಕಿ ಮೇಲೆತ್ತಿ ದೋಣಿಯ ಪಕ್ಕಕ್ಕೆ ತೂಗುಹಾಕುತ್ತಾರೆ. ಹಗಲು ದಕ್ಕೆಯಲ್ಲಿ ಕಟ್ಟಿದಾಗ ಉಕ್ಕಿನ ಕೇಬಲ್ ಹಾಕಿ ಬೀಗ. ಎಂಜಿನ್ನಿಗೆ ಇನ್ನೊಂದು ಬೀಗ.

ದಕ್ಕೆಯಲ್ಲಿ ಕಟ್ಟುವುದಕ್ಕೂ ರೀತಿಯಿದೆ. ಹಗ್ಗವನ್ನು ಉದ್ದ ಬಿಡಬೇಕು. ಗಿಡ್ಡವಾಗಿ ಬಿಗಿದರೆ ನಂತರ ಬರುವವರಿಗೆ ದಕ್ಕೆ ತಲುಪಲು ಜಾಗವಿರುವುದಿಲ್ಲ. ನಾಲ್ಕೈದು ಡಿಂಗಿಗಳನ್ನು ತಳ್ಳಿ ದಾರಿ ಮಾಡಿಕೊಂಡು, ಒದ್ದೆ ಏಣಿ ಹಿಡಿದು, ಬೆನ್ನಿಗೆ ಚೀಲ, ಒಂದು ಕೈಯಲ್ಲಿ ಕಸದ ಗಂಟು ಹಿಡಿದು ಹತ್ತಬೇಕು. ಕಸ ಎಂದಾಗ ಒಂದು ಮಾತು. ಕೆಲವು ಕೊಲ್ಲಿಗಳಲ್ಲಿ ಹುಡುಗರು ದೋಣಿಯ ಬಳಿ ಬಂದು ಸ್ವಲ್ಪ ಹಣಕ್ಕೆ ಕಸ ಒಯ್ಯುತ್ತೇವೆ ಎನ್ನುತ್ತಾರೆ. ಅದು ಎಲ್ಲಿಗೆ ಹೋಗುತ್ತದೆಂಬ ಖಾತ್ರಿಯಿಲ್ಲ, ಪೊದೆಗೂ ಬೀಳಬಹುದು. ಬಂದರಿನ ತೊಟ್ಟಿಗೆ ತಾವೇ ಒಯ್ದು ಹಾಕುವುದು ಲೇಸು.

ದಕ್ಕೆಯಿಲ್ಲದ ಕಡೆ ಮರಳಿನ ದಂಡೆಗೇ ಡಿಂಗಿ ಏರಿಸಬೇಕು. ಅಲೆ ಜೋರಾಗಿದ್ದರೆ ಇದೇ ದಿನದ ಕಷ್ಟದ ಗಳಿಗೆ. ಅಡ್ಡ ತಿರುಗಿದ ಡಿಂಗಿ ಒಂದೇ ಅಲೆಗೆ ಮಗುಚಿ ತಂದ ಅಕ್ಕಿ, ಮೊಟ್ಟೆ, ಮೊಬೈಲು ಎಲ್ಲ ಸಮುದ್ರಪಾಲಾಗುತ್ತದೆ. ಹಾಗಾಗಿ ಕಾಗದಪತ್ರ, ಫೋನು, ಹಣ ಯಾವಾಗಲೂ ನೀರು ನುಗ್ಗದ ಚೀಲದಲ್ಲೇ.

ನೀರು, ಗ್ಯಾಸ್, ಬಟ್ಟೆ

ದೋಣಿಯ ಟ್ಯಾಂಕಿನಲ್ಲಿ ಹಿಡಿಸುವುದು ಕೆಲವು ನೂರು ಲೀಟರ್ ಸಿಹಿನೀರು. ಚೆನ್ನೈಯ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಪಾತ್ರೆಯನ್ನು ಮೊದಲು ಸಮುದ್ರದ ನೀರಿನಲ್ಲಿ ತೊಳೆದು ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ ಜಾಲಿಸುತ್ತಾರೆ. ಮಳೆ ಬಂದರೆ ಟಾರ್ಪಾಲು ಕಟ್ಟಿ ಹಿಡಿಯುತ್ತಾರೆ. ಈಗ ಹಲವು ದೋಣಿಗಳಲ್ಲಿ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವಿದೆ. ಆದರೆ ಅದಕ್ಕೆ ವಿದ್ಯುತ್ ಬೇಕು, ಅದೂ ಕೆಡುತ್ತದೆ.

ನೀರು ಸಿಗುವುದು ದ್ವೀಪದ ಮೇಲೆ ಅವಲಂಬಿತ. ಕಡಿದಾದ ಬೆಟ್ಟ, ದಟ್ಟ ಕಾಡಿನ ಡೊಮಿನಿಕಾದಲ್ಲಿ ನದಿಗಳಿಗೆ ಬರವಿಲ್ಲ. ತಗ್ಗಾದ ಆಂಟಿಗುವಾ ಒಣ ದ್ವೀಪ, ಸಮುದ್ರದ ನೀರನ್ನು ಶುದ್ಧಮಾಡಿ ಬದುಕುತ್ತದೆ. ಗ್ರೆನಡಾಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪದಲ್ಲಿ ನದಿಯೇ ಇಲ್ಲ. ಅಲ್ಲಿ ಮನೆಮನೆಯ ಛಾವಣಿಯಿಂದ ಇಳಿದ ಮಳೆನೀರು ತೊಟ್ಟಿಗೆ ಸೇರುತ್ತದೆ. ಅಂಥ ಊರಿನಲ್ಲಿ ನಲ್ಲಿ ತಿರುಗಿಸುವ ಮೊದಲು ಕೇಳಬೇಕು, ಹಣ ಕೊಡಬೇಕು. ಬೆಕ್ವೇ ದ್ವೀಪದ ಅಡ್ಮಿರಾಲ್ಟಿ ಕೊಲ್ಲಿಯಲ್ಲಿ ಮಾತ್ರ ಒಂದು ಸೌಕರ್ಯವಿದೆ. ವಿಎಚ್‌ಎಫ್ ರೇಡಿಯೊದಲ್ಲಿ ಕರೆದರೆ ನೀರು ಮತ್ತು ಡೀಸೆಲ್ ತುಂಬಿದ ದೋಣಿ ನಿಮ್ಮ ದೋಣಿಯ ಪಕ್ಕಕ್ಕೇ ಬರುತ್ತದೆ. ಬಟ್ಟೆಯ ಗಂಟನ್ನೂ ಒಯ್ದು ಒಗೆದು, ಮಡಚಿ ತಂದುಕೊಡುತ್ತಾರೆ.

ಗ್ಯಾಸ್ ಕಥೆ ಎಲ್ಲಕ್ಕಿಂತ ಉದ್ದ. ಅಮೆರಿಕದ ದೋಣಿಯ ಸಿಲಿಂಡರಿಗೆ ಒಂದು ಬಗೆಯ ವಾಲ್ವ್, ಯುರೋಪಿನ ದೋಣಿಗೆ ಇನ್ನೊಂದು. ಅಮೆರಿಕದವರದ್ದು ಪ್ರೊಪೇನ್, ಫ್ರೆಂಚ್ ದ್ವೀಪಗಳಲ್ಲಿ ಸಿಗುವುದು ಬ್ಯೂಟೇನ್. ಅಲ್ಲಿ ಖಾಲಿ ಕೊಟ್ಟು ತುಂಬಿದ್ದನ್ನು ಒಯ್ಯುವ ಪದ್ಧತಿ. ಆದರೆ ಅವರ ನಮೂನೆಯ ಸಿಲಿಂಡರೇ ಇರಬೇಕು. ಇಂಗ್ಲಿಷ್ ದ್ವೀಪಗಳಲ್ಲಿ ನಿಮ್ಮ ಸಿಲಿಂಡರನ್ನೇ ತುಂಬಿಸಿಕೊಡುತ್ತಾರೆ. ಆದರೆ ತುಂಬಿಸುವ ಘಟಕ ಊರಾಚೆ ಇರುತ್ತದೆ. ಅಂಗಡಿಯಲ್ಲಿ ಇವತ್ತು ಕೊಟ್ಟರೆ ನಾಳೆ ಸಂಜೆ, ನಡುವೆ ರಜೆ ಬಂದರೆ ಸೋಮವಾರ. ಸಿಲಿಂಡರ್ ಹೆಗಲಿಗೇರಿಸಿ ಮಿನಿಬಸ್ ಹತ್ತಿದರೆ ಡ್ರೈವರ್ ಬೇಡವೆನ್ನಬಹುದು. ಡಿಂಗಿ, ನಡಿಗೆ, ಟ್ಯಾಕ್ಸಿ, ಕಾಯುವುದು, ಮತ್ತೆ ಟ್ಯಾಕ್ಸಿ, ಮತ್ತೆ ಡಿಂಗಿ. ದೋಣಿಯಲ್ಲಿ ಚಹಾ ಕುದಿಯಬೇಕಾದರೆ ಇಷ್ಟು ಆಗಬೇಕು.

ಎಂಜಿನ್ನಿನ ಬಿಡಿಭಾಗ ಬೇಕೆಂದರೆ ಎಲ್ಲರೂ ಹೇಳುವ ಹೆಸರು ಸಿಂಟ್ ಮಾರ್ಟೆನ್. ಪುಟ್ಟ ದ್ವೀಪವೊಂದನ್ನು 1648ರ ಒಪ್ಪಂದದಲ್ಲಿ ಫ್ರೆಂಚರು ಮತ್ತು ಡಚ್ಚರು ಹಂಚಿಕೊಂಡರು. ಡಚ್ ಭಾಗ ಸಿಂಟ್ ಮಾರ್ಟೆನ್, ಫ್ರೆಂಚ್ ಭಾಗ ಸೇಂಟ್ ಮಾರ್ಟಿನ್. ನಡುವಿನ ಲಗೂನಿಗೆ ಸೇತುವೆ ತೆರೆಯುವ ಹೊತ್ತು ನೋಡಿ ನುಗ್ಗಬೇಕು. ಒಳಗೆ ಸುಂಕವಿಲ್ಲದ ದೋಣಿ ಸಾಮಾನಿನ ದೊಡ್ಡ ಅಂಗಡಿಗಳಿವೆ. ಡಿಂಗಿಯಲ್ಲೇ ಒಂದು ಅಂಗಡಿಯಿಂದ ಇನ್ನೊಂದಕ್ಕೆ, ಅಂದರೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಹುದು. ಬೇರೆ ದ್ವೀಪಗಳಲ್ಲಿ ಭಾಗವನ್ನು ಹೊರದೇಶದಿಂದ ತರಿಸಬೇಕು. ಪೊಟ್ಟಣದ ಮೇಲೆ 'ಯಾಟ್ ಇನ್ ಟ್ರಾನ್ಸಿಟ್' ಎಂದು ದೋಣಿಯ ಹೆಸರು ಬರೆಸಿದರೆ ಸುಂಕದಲ್ಲಿ ರಿಯಾಯಿತಿ ಸಿಗುತ್ತದೆ. ಅದನ್ನು ಬಿಡಿಸಿಕೊಳ್ಳಲು ಮತ್ತೆ ಕಸ್ಟಮ್ಸ್ ಕಚೇರಿಯ ಬೆಂಚು.

ಶನಿವಾರದ ಸಂತೆಯಲ್ಲಿ ಜೀಗುಜ್ಜೆ

ದಿನಸಿಯ ಮಟ್ಟಿಗೆ ಫ್ರೆಂಚ್ ದ್ವೀಪಗಳಿಗೆ ಸಾಟಿಯಿಲ್ಲ. ಮಾರ್ಟಿನಿಕ್‌ನ ಲೆ ಮರಾಂ ಪಟ್ಟಣದಲ್ಲಿ ಡಿಂಗಿ ಕಟ್ಟಲೆಂದೇ ದಕ್ಕೆಯಿರುವ ಸೂಪರ್‌ಮಾರ್ಕೆಟ್ ಇದೆ. ತಳ್ಳುಗಾಡಿಯನ್ನು ನೀರಿನ ಅಂಚಿನವರೆಗೂ ತರಬಹುದು. ಹಾಯಿದೋಣಿಯವರು ತಿಂಗಳಿಗಾಗುವಷ್ಟು ಹಿಟ್ಟು, ಬೆಣ್ಣೆ, ಡಬ್ಬಿ ಸಾಮಾನು ಇಲ್ಲೇ ತುಂಬಿಕೊಳ್ಳುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಅನೇಕ ಅಂಗಡಿಗಳು ಬಾಗಿಲು ಹಾಕುತ್ತವೆ ಎಂಬುದನ್ನು ಮರೆತವರು ಬಿಸಿಲಲ್ಲಿ ನಿಲ್ಲುತ್ತಾರೆ.

ತರಕಾರಿಗೆ ಮಾತ್ರ ಸಂತೆಯೇ ಸರಿ. ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ಶನಿವಾರ ಬೆಳಗ್ಗೆ ಹಳ್ಳಿಗಳಿಂದ ಹೆಂಗಸರು ಬುಟ್ಟಿ ಹೊತ್ತು ಬಂದಿರುತ್ತಾರೆ. ಕನ್ನಡಿಗರು ಅಲ್ಲಿ ಒಂದು ಸುತ್ತು ಹಾಕಿದರೆ ಅರ್ಧ ತರಕಾರಿಯ ಗುರುತು ಹಿಡಿಯುತ್ತಾರೆ. ಕರಾವಳಿಯವರ ಜೀಗುಜ್ಜೆ ಇಲ್ಲಿ ಬ್ರೆಡ್‌ಫ್ರೂಟ್. ಪತ್ರೊಡೆಗೆ ಬೇಕಾಗುವ ಕೆಸುವಿನ ಎಲೆ ಇಲ್ಲಿ ಕಲಾಲು ಎಂಬ ಸಾರಿಗೆ ಬೀಳುತ್ತದೆ. ಅರಿಸಿನವನ್ನು ಗ್ರೆನಡಾದವರು 'ಸ್ಯಾಫ್ರನ್' ಎನ್ನುತ್ತಾರೆ. ಕೇಸರಿ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವುದು ಬೇಡ. ಜೀಗುಜ್ಜೆ, ಕೆಸುವಿನ ಎಲೆ, ಉಪ್ಪು ಹಾಕಿದ ಮಾಂಸ, ತೆಂಗಿನ ಹಾಲು, ಅರಿಸಿನ ಸೇರಿಸಿ ನೀರಿಂಗುವವರೆಗೆ ಬೇಯಿಸುವ 'ಆಯಿಲ್ ಡೌನ್' ಆ ದೇಶದ ರಾಷ್ಟ್ರೀಯ ಅಡುಗೆ.

ಜೀಗುಜ್ಜೆ ಇಲ್ಲಿಗೆ ಬಂದದ್ದು ಪೆಸಿಫಿಕ್ ಸಾಗರದ ಟಹೀಟಿಯಿಂದ. ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಆಹಾರ ಬೇಕಿತ್ತು. ಸಸಿ ತರಲು ಹೊರಟ ವಿಲಿಯಂ ಬ್ಲೈಯ ಮೊದಲ ಹಡಗು 'ಬೌಂಟಿ'ಯಲ್ಲಿ 1789ರಲ್ಲಿ ಸಿಬ್ಬಂದಿ ದಂಗೆಯೆದ್ದರು. ಆತ ಎರಡನೇ ಸಲ ಹೊರಟು 1793ರಲ್ಲಿ ಸಸಿಗಳನ್ನು ಸೇಂಟ್ ವಿನ್ಸೆಂಟಿಗೆ ತಲುಪಿಸಿದ. ರಾಜಧಾನಿ ಕಿಂಗ್ಸ್‌ಟೌನಿನಲ್ಲಿ 1765ರಲ್ಲಿ ಶುರುವಾದ ಸಸ್ಯೋದ್ಯಾನ ಈಗಲೂ ಇದೆ. ಬಂದರಿನಿಂದ ಏರು ದಾರಿಯಲ್ಲಿ ನಡೆದೇ ಹೋಗಬಹುದು.

ಮಸಾಲೆಯ ಸಾಲಿನಲ್ಲಿ ಇನ್ನೊಂದು ನಂಟು ಸಿಗುತ್ತದೆ. ಗುಲಾಮಗಿರಿ ರದ್ದಾದ ಮೇಲೆ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳನ್ನು ತಂದರು. ಟ್ರಿನಿಡಾಡಿಗೆ ಮೊದಲ ಹಡಗು 'ಫತೆಲ್ ರಜಾಕ್' ಬಂದದ್ದು 1845ರ ಮೇ 30ರಂದು. ಗ್ರೆನಡಾಕ್ಕೆ 1857ರಲ್ಲಿ. ಫ್ರೆಂಚ್ ದ್ವೀಪಗಳಿಗೆ ಪುದುಚೇರಿ, ಕಾರೈಕಾಲ್ ಬಂದರುಗಳಿಂದ ದಕ್ಷಿಣ ಭಾರತದವರು ಬಹಳ ಮಂದಿ ಬಂದರು. ಮಾರ್ಟಿನಿಕ್, ಗ್ವಾಡೆಲೂಪ್‌ನ ಸಂತೆಯಲ್ಲಿ 'ಕೊಲಂಬೊ' ಹೆಸರಿನ ಮಸಾಲೆ ಪುಡಿ ಮಾರುತ್ತಾರೆ. ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಅರಿಸಿನದ ಪರಿಮಳ. ಗ್ವಾಡೆಲೂಪ್‌ನ ಚಾಂಗಿ ಎಂಬಲ್ಲಿ ದಕ್ಷಿಣ ಭಾರತದ ಶೈಲಿಯ, ಬಣ್ಣಬಣ್ಣದ ದೇವಸ್ಥಾನವಿದೆ. ಮಾರಿಯಮ್ಮನ ಹೆಸರು ಅಲ್ಲಿ ಕ್ರಿಯೋಲ್ ಉಚ್ಚಾರಣೆಯಲ್ಲಿ ಉಳಿದಿದೆ.

ಕೊಂಡದ್ದನ್ನು ದೋಣಿಗೆ ಏರಿಸುವ ಮುನ್ನ ಒಂದು ಮಡಿ ಇದೆ. ರಟ್ಟಿನ ಪೆಟ್ಟಿಗೆ ಒಳಗೆ ಬರುವಂತಿಲ್ಲ. ಅದರ ಪದರಗಳಲ್ಲಿ ಜಿರಳೆಯ ಮೊಟ್ಟೆ ಇರುತ್ತವೆ. ಎಲ್ಲವನ್ನೂ ದಕ್ಕೆಯಲ್ಲೇ ಬಿಚ್ಚಿ ಚೀಲಕ್ಕೆ ಹಾಕುತ್ತಾರೆ. ಬಾಳೆಗೊನೆಯನ್ನು ಸಮುದ್ರದಲ್ಲಿ ಅದ್ದಿ ಜೇಡ, ಇರುವೆ ಓಡಿಸುತ್ತಾರೆ. ಫ್ರಿಜ್ಜಿನಲ್ಲಿ ಇಟ್ಟಿರದ ಮೊಟ್ಟೆಯನ್ನೇ ಕೇಳಿ ತರುತ್ತಾರೆ, ಏಕೆಂದರೆ ಅದು ಹೊರಗಿಟ್ಟರೂ ವಾರಗಟ್ಟಲೆ ತಡೆಯುತ್ತದೆ.

ಮಿನಿಬಸ್ ಹತ್ತಿ ಒಳನಾಡಿಗೆ

ಗ್ರೆನಡಾದ ಮಿನಿಬಸ್ಸು ನಮ್ಮ ಹಳೆಯ ಮ್ಯಾಕ್ಸಿಕ್ಯಾಬಿನ ಸೋದರ. ಸೀಟು ತುಂಬಿದ ಮೇಲೂ ಇನ್ನೊಬ್ಬರಿಗೆ ಜಾಗವಿರುತ್ತದೆ. ಸಂಗೀತದ ಸದ್ದಿಗೆ ಕಿಟಕಿ ಅದುರುತ್ತದೆ. ಇಳಿಯುವ ಜಾಗ ಬಂದಾಗ ಒಳಗಿನಿಂದ ತಗಡು ತಟ್ಟಬೇಕು. ಹತ್ತುವಾಗ ಒಳಗಿದ್ದವರಿಗೆಲ್ಲ 'ಗುಡ್ ಮಾರ್ನಿಂಗ್' ಹೇಳಬೇಕು. ಇದು ಅಲಂಕಾರದ ಮಾತಲ್ಲ. ಅಂಗಡಿಗೆ ನುಗ್ಗಿ ನೇರವಾಗಿ 'ಬ್ರೆಡ್ ಇದೆಯಾ' ಎಂದು ಕೇಳಿದವರಿಗೆ ಉತ್ತರ ತಣ್ಣಗೆ ಬರುತ್ತದೆ, ನಮಸ್ಕಾರ ಹೇಳಿ ಕೇಳಿದವರಿಗೆ ಬ್ರೆಡ್ ಯಾವ ಬೇಕರಿಯಲ್ಲಿ ಚೆನ್ನ ಎಂಬುದೂ ಗೊತ್ತಾಗುತ್ತದೆ. ಈಜುಡುಪಿನಲ್ಲಿ ಪೇಟೆ ಸುತ್ತುವುದನ್ನು ಯಾವ ದ್ವೀಪದವರೂ ಮೆಚ್ಚುವುದಿಲ್ಲ. ಗ್ರೆನಡಾ, ಸೇಂಟ್ ವಿನ್ಸೆಂಟ್, ಸೇಂಟ್ ಲೂಸಿಯಾ, ಬಾರ್ಬಡೋಸ್, ಡೊಮಿನಿಕಾಗಳಲ್ಲಿ ಸೈನಿಕರ ಮಾದರಿಯ ಮಚ್ಚೆ ಬಟ್ಟೆ ಜನಸಾಮಾನ್ಯರಿಗೆ ಕಾನೂನಿನಿಂದಲೇ ನಿಷಿದ್ಧ. ಮಗುವಿನ ಟೋಪಿಯಾದರೂ ಬೇಡ.

ಬಸ್ಸು ಪಶ್ಚಿಮ ಕರಾವಳಿಯ ಗೂಯಾವ್ ಊರಿಗೆ ಹೋದರೆ ಅಲ್ಲಿ ಜಾಯಿಕಾಯಿ ಸಂಸ್ಕರಣೆಯ ಹಳೆಯ ಕೇಂದ್ರವಿದೆ. ಜಾಯಿಕಾಯಿ ಗ್ರೆನಡಾದ ರಾಷ್ಟ್ರಧ್ವಜದಲ್ಲೇ ಇದೆ. 2004ರ ಸೆಪ್ಟೆಂಬರಿನ ಐವನ್ ಚಂಡಮಾರುತ ಆ ಮರಗಳನ್ನು ಬುಡಸಮೇತ ಕೆಡವಿತು. ಜಾಯಿಕಾಯಿ ಗಿಡ ನೆಟ್ಟರೆ ಫಸಲಿಗೆ ಹಲವು ವರ್ಷ ಕಾಯಬೇಕೆಂಬುದು ಶಿರಸಿ, ಪುತ್ತೂರಿನ ತೋಟದವರಿಗೆ ಗೊತ್ತು. ಅದೆಷ್ಟೋ ರೈತರು ಮತ್ತೆ ಅದಕ್ಕೆ ಕೈ ಹಾಕಲೇ ಇಲ್ಲ.

ಡೊಮಿನಿಕಾದ ಪೋರ್ಟ್ಸ್‌ಮತ್ ಊರಿನ ಕಥೆ ಇನ್ನೂ ಸ್ವಾರಸ್ಯದ್ದು. ದೋಣಿ ಕೊಲ್ಲಿಗೆ ಬಂದೊಡನೆ ಹುಡುಗರು ಬೇರೆ ಬೇರೆ ದೋಣಿಗಳಲ್ಲಿ ಮುತ್ತಿಕೊಂಡು ನಾ ಮುಂದೆ ತಾ ಮುಂದೆ ಎನ್ನುತ್ತಿದ್ದ ಕಾಲವಿತ್ತು. ಪ್ರವಾಸಿಗರು ಬೆದರಿ ಆ ಊರನ್ನೇ ಬಿಟ್ಟು ಮುಂದೆ ಹೋಗತೊಡಗಿದರು. ಆಗ ಅಲ್ಲಿನ ದೋಣಿ ಗೈಡುಗಳೇ ಸೇರಿ 'ಪೇಸ್' ಎಂಬ ಸಂಘ ಕಟ್ಟಿದರು. ರಾತ್ರಿ ಕಾವಲು, ಲಂಗರಿನ ಬದಲು ಕಟ್ಟಲು ಬೋಯಿಗಳು, ಭಾನುವಾರದ ಸಾಮೂಹಿಕ ಊಟ, ಎಲ್ಲ ಅವರದ್ದೇ ವ್ಯವಸ್ಥೆ. ಇಂಡಿಯನ್ ರಿವರ್ ಎಂಬ ಹೊಳೆಯಲ್ಲಿ ಎಂಜಿನ್ ಹಾಕುವಂತಿಲ್ಲ, ಅವರೇ ಹುಟ್ಟು ಹಾಕಿ ಒಯ್ಯುತ್ತಾರೆ. 'ಇಂಡಿಯನ್' ಎಂದರೆ ಇಲ್ಲಿ ನಾವಲ್ಲ, ದ್ವೀಪದ ಮೂಲನಿವಾಸಿಗಳಾದ ಕಲಿನಾಗೊ ಜನ. ಅವರ ಊರುಗಳು ಈಗಲೂ ಪೂರ್ವ ಕರಾವಳಿಯಲ್ಲಿವೆ.

ಮಾರ್ಟಿನಿಕ್‌ನ ಸೇಂಟ್ ಪಿಯೆರ್ ಪಟ್ಟಣದ ಎದುರು ಲಂಗರು ಹಾಕಿದವರು ಬ್ರೆಡ್ ತರಲು ಹೋಗಿ ಅರ್ಧ ದಿನ ಅಲ್ಲೇ ಕಳೆಯುವುದುಂಟು. 1902ರ ಮೇ 8ರ ಬೆಳಗ್ಗೆ ಪೆಲೆ ಜ್ವಾಲಾಮುಖಿ ಸಿಡಿದು ಕೆಲವೇ ನಿಮಿಷಗಳಲ್ಲಿ ಸುಮಾರು 28,000 ಜನ ಸತ್ತ ಊರು ಇದು. ದಪ್ಪ ಗೋಡೆಯ ಜೈಲುಕೋಣೆಯಲ್ಲಿದ್ದ ಕೈದಿಯೊಬ್ಬ ಬದುಕುಳಿದ. ಆ ಕೋಣೆ, ಸುಟ್ಟ ರಂಗಮಂದಿರದ ಮೆಟ್ಟಿಲು ಇವತ್ತಿಗೂ ಪೇಟೆಯ ನಡುವೆಯೇ ಇವೆ.

ಸುತ್ತಾಟದಲ್ಲಿ ಎರಡು ಎಚ್ಚರಿಕೆ ಮುಖ್ಯ. ಕಡಲ ದಂಡೆಯಲ್ಲಿ ಮಂಚಿನೀಲ್ ಎಂಬ ಮರ ಬೆಳೆಯುತ್ತದೆ. ಪುಟ್ಟ ಹಸಿರು ಸೇಬಿನಂಥ ಅದರ ಹಣ್ಣು ವಿಷ. ಮಳೆಯಲ್ಲಿ ಅದರಡಿ ನಿಂತರೂ ತೊಟ್ಟಿಕ್ಕುವ ರಸಕ್ಕೆ ಮೈ ಬೊಬ್ಬೆಯೇಳುತ್ತದೆ. ಹಲವೆಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಇನ್ನೊಂದು, ಹವಳದ ಬಂಡೆಗಳ ದೊಡ್ಡ ಮೀನು. ಉತ್ತರದ ದ್ವೀಪಗಳಲ್ಲಿ ಅದರಲ್ಲಿ ಸಿಗುವಟೆರಾ ಎಂಬ ವಿಷವಿರಬಹುದು. ಬೇಯಿಸಿದರೂ ಹೋಗದು. ಊರಿನ ಮೀನುಗಾರರು ತಿನ್ನದ್ದನ್ನು ತಿನ್ನದಿರುವುದೇ ಕ್ಷೇಮ.

ಬೆರಿಲ್ ಬಂದ ಮೇಲೆ

ಜೂನ್ ಹತ್ತಿರವಾದಂತೆ ದೋಣಿಗಳು ದಕ್ಷಿಣಕ್ಕೆ ಇಳಿಯುತ್ತವೆ. ಗ್ರೆನಡಾ, ಟ್ರಿನಿಡಾಡ್ ಚಂಡಮಾರುತದ ದಾರಿಯಿಂದ ಸಾಮಾನ್ಯವಾಗಿ ಹೊರಗಿವೆ ಎಂಬ ನಂಬಿಕೆ ಹಳೆಯದು. ಹಲವು ವಿಮಾ ಪಾಲಿಸಿಗಳಲ್ಲೂ ಆ ತಿಂಗಳುಗಳಲ್ಲಿ ದೋಣಿ ಇಂಥ ಅಕ್ಷಾಂಶಕ್ಕಿಂತ ಕೆಳಗಿರಬೇಕೆಂಬ ಷರತ್ತು ಇರುತ್ತದೆ. ಟ್ರಿನಿಡಾಡಿನ ಚಗುವಾರಾಮಸ್‌ನಲ್ಲಿ ದೋಣಿಗಳನ್ನು ನೀರಿನಿಂದ ಎತ್ತಿ ನಿಲ್ಲಿಸುವ ಯಾರ್ಡುಗಳಿವೆ. ಗ್ರೆನಡಾದಿಂದ ಸುಮಾರು 80 ನಾಟಿಕಲ್ ಮೈಲಿ, ಒಂದು ರಾತ್ರಿಯ ಪಯಣ. ಬೆಳಗ್ಗೆ ರಸ್ತೆ ಬದಿಯಲ್ಲಿ ಎರಡು ಬಾರಾ ನಡುವೆ ಕಡಲೆ ಗೊಜ್ಜು ಇಟ್ಟ 'ಡಬಲ್ಸ್' ತಿಂದು ಯಾರ್ಡಿನ ಕೆಲಸ ಶುರು.

ಆ ನಂಬಿಕೆಗೆ 2004ರಲ್ಲಿ ಐವನ್ ಪೆಟ್ಟು ಕೊಟ್ಟಿತ್ತು. 2024ರ ಜುಲೈ 1ರಂದು ಬೆರಿಲ್ ಮತ್ತೆ ಕೊಟ್ಟಿತು. ಸೀಸನ್ ಶುರುವಾಗಿ ಒಂದೇ ತಿಂಗಳಿಗೆ, ಗಂಟೆಗೆ ಸುಮಾರು 240 ಕಿ.ಮೀ. ವೇಗದ ಗಾಳಿಯೊಂದಿಗೆ ಕ್ಯಾರಿಯಾಕೂ ಮೇಲೆ ಅಪ್ಪಳಿಸಿತು. ದ್ವೀಪದ ಬಹುಪಾಲು ಕಟ್ಟಡಗಳಿಗೆ ಹಾನಿಯಾಯಿತು. ಟಿರೆಲ್ ಕೊಲ್ಲಿಯ ಕಾಂಡ್ಲಾ ಕಾಡಿನೊಳಗೆ ಸುರಕ್ಷಿತವೆಂದು ಕಟ್ಟಿದ್ದ ಹಾಯಿದೋಣಿಗಳು ಒಂದರ ಮೇಲೊಂದು ಬಿದ್ದವು. ನೆರೆಯ ಯೂನಿಯನ್ ದ್ವೀಪವೂ ನೆಲಕಚ್ಚಿತು.

ಮಳೆನೀರನ್ನು ನಂಬಿದ ದ್ವೀಪದಲ್ಲಿ ಛಾವಣಿ ಹಾರಿದರೆ ಮನೆಯಷ್ಟೇ ಹೋಗುವುದಿಲ್ಲ, ನೀರೂ ಹೋಗುತ್ತದೆ. ಗ್ರೆನಡಾದ ದಕ್ಷಿಣ ಕೊಲ್ಲಿಗಳಲ್ಲಿ ಉಳಿದುಕೊಂಡಿದ್ದ ದೋಣಿಗಳು ಮುಂದಿನ ದಿನಗಳಲ್ಲಿ ಕುಡಿಯುವ ನೀರು, ಟಾರ್ಪಾಲು, ಆಹಾರ ಹೊತ್ತು ಕ್ಯಾರಿಯಾಕೂಗೆ ಹೋದವು. ವರ್ಷಗಳ ಕಾಲ ಇಲ್ಲಿಂದ ನೀರು, ಬ್ರೆಡ್ಡು, ಡೀಸೆಲ್ ಒಯ್ದವರು ಈ ಸಲ ತಂದುಕೊಟ್ಟರು.

ಇಂಥ ಸಣ್ಣ ದ್ವೀಪಗಳಲ್ಲಿ ಹಾಯಿದೋಣಿಯವರ ಪೇಟೆ ಕೆಲಸವೇ ಅನೇಕರ ಸಂಬಳ. ಕ್ರೂಸ್ ಹಡಗಿನ ಪ್ರಯಾಣಿಕರಿಗೆ ಊಟ, ಹಾಸಿಗೆ, ಲಾಂಡ್ರಿ ಎಲ್ಲ ಹಡಗಿನಲ್ಲೇ ಇದೆ. ಹಾಯಿದೋಣಿಯವರು ಖರ್ಚು ಮಾಡುವುದು ಕಡಿಮೆಯೇ. ಆದರೆ ಅದು ಬಟ್ಟೆ ಒಗೆಯುವಾಕೆ, ಮಿನಿಬಸ್ ಚಾಲಕ, ಹಾಯಿ ಹೊಲಿಯುವವನು, ಜೀಗುಜ್ಜೆ ಮಾರುವಾಕೆ, ಔಟ್‌ಬೋರ್ಡ್ ಮೆಕ್ಯಾನಿಕ್ ಇವರ ಕೈಗೇ ನೇರವಾಗಿ ಬೀಳುತ್ತದೆ. ಚಂಡಮಾರುತದ ನಂತರ 'ಅಲ್ಲಿ ಏನೂ ಉಳಿದಿಲ್ಲ' ಎಂದು ದೋಣಿಗಳು ದೂರದಿಂದಲೇ ಹಾದುಹೋದರೆ ಇವರಿಗೆ ಎರಡನೇ ಪೆಟ್ಟು. ಹಾಗೆಂದು ಅಂಗಡಿಯಲ್ಲಿ ಇದ್ದಬದ್ದದ್ದನ್ನೆಲ್ಲ ದೋಣಿಗೆ ತುಂಬಿಕೊಂಡರೆ ಊರಿನವರಿಗೆ ಕೊರತೆ. ನೀರು, ಇಂಧನ ಗ್ರೆನಡಾದಲ್ಲೇ ತುಂಬಿಕೊಂಡು ಹೋಗಿ, ಕ್ಯಾರಿಯಾಕೂದಲ್ಲಿ ಊಟ, ಲಾಂಡ್ರಿ, ರಿಪೇರಿಗೆ ಹಣ ಖರ್ಚು ಮಾಡುವುದು ಹೆಚ್ಚು ಸರಿ.

ಹೊರಡುವ ದಿನ ಕೊನೆಯದೊಂದು ಕೆಲಸ ಬಾಕಿ ಇರುತ್ತದೆ. ಕ್ಯಾಪ್ಟನ್ ಮತ್ತೆ ಪಾಸ್‌ಪೋರ್ಟುಗಳ ಕಟ್ಟು ಹಿಡಿದು ಕಸ್ಟಮ್ಸ್ ಕಚೇರಿಗೆ ಹೋಗಿ ನಿರ್ಗಮನದ ಕಾಗದ ಪಡೆಯಬೇಕು. ಸೀಲು ಬಿದ್ದ ಮೇಲೆ ಸಾಮಾನ್ಯವಾಗಿ ಒಂದು ದಿನದೊಳಗೆ ಲಂಗರು ಎತ್ತಬೇಕು. ಜೇಬಿನಲ್ಲಿ ಉಳಿದ ಈಸ್ಟ್ ಕೆರಿಬಿಯನ್ ಡಾಲರನ್ನು ದಕ್ಕೆಯ ಪಕ್ಕದ ಅಂಗಡಿಯಲ್ಲಿ ಬಾಳೆಹಣ್ಣಿಗೋ ಮಾವಿಗೋ ಮುಗಿಸುತ್ತಾರೆ. ಮುಂದಿನ ದ್ವೀಪ ಫ್ರೆಂಚರದ್ದಾದರೆ ಅಲ್ಲಿ ಅದು ನಡೆಯುವುದಿಲ್ಲ.